ಮೂಲೆಯ ನೀಲಿ ದಾರ

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ಹೆಂಗಸು ಗಾರ್ಮೆಂಟ್ಸಿನಲ್ಲಿ ಗುಂಡಿ ಹೊಲಿಯುವವಳು. ಓದು ಬಾರದು. ಮಡಚಿದ ಹಾಳೆಯೊಂದನ್ನು ಹೆಡ್ ಕಾನ್‌ಸ್ಟೇಬಲಮ್ಮನ ಮುಂದಿಟ್ಟಳು.

"ನನ್ ಮಗ ಹಡಗಿನ ಕೆಲಸಕ್ಕೆ ಹೋಗಿದಾನೆ. ಆರು ತಿಂಗಳಿಂದ ನಮ್ಮಣ್ಣ ಅವನ ಕಾಗದ ತಂದು ಓದ್ತಾನೆ, ಜೋಪಾನ ಮಾಡ್ತೀನಿ ಅಂತ ವಾಪಸ್ ಒಯ್ತಾನೆ. ಹೋದ ತಿಂಗಳು ಅನುಮಾನ ಬಂದು ಮೂಲೆಗೆ ನೀಲಿ ದಾರದ ಹೊಲಿಗೆ ಹಾಕ್ದೆ. ನಿನ್ನೆಯ ಹೊಸ ಕಾಗದದಲ್ಲೂ ಅದೇ ದಾರ! ಕದ್ದು ತಂದೆ. ಬೇಕಾದ್ರೆ ಮೊದಲು ನನ್ಮೇಲೇ ಕೇಸ್ ಹಾಕಿ."

"ಅಕ್ಷರ ಮಗನದೇನಾ?"

"ಓದಕ್ಕೆ ಬರದಿದ್ರೇನು, ಮಗನ ಕೈ ಗುರುತು ಸಿಗಲ್ವಾ?"

ಹೆಡ್ ಕಾನ್‌ಸ್ಟೇಬಲಮ್ಮ ಓದಿದಳು. ಅದು ಬಸ್ ನಿಲ್ದಾಣದಲ್ಲಿ ಬಾಂಬಿಟ್ಟ ಸಂಘಟನೆಯ ಕಮಿಟಿಗೆ ಬರೆದ ರಜೆ ಅರ್ಜಿ. ಅಂಚಿನಲ್ಲಿ ಕೆಂಪು ಶಾಯಿ: 'ರಜೆ ಇಲ್ಲ. ಹೋದವರಾರೂ ತಿರುಗಿ ಬಂದಿಲ್ಲ. ಇವನ ಕತೆ ಮುಗಿಸಿ.'

"ಕೂತ್ಕೊಳ್ಳಮ್ಮ," ಎಂದಳು, ಅಷ್ಟೆ.

ಹನ್ನೊಂದು ಐದಕ್ಕೆ ಎಫ್‌ಐಆರ್ ಆಯಿತು. ಒಂದೂವರೆಗೆ ಅಣ್ಣನ ತಕ್ಕಡಿ ರಿಪೇರಿ ಅಂಗಡಿಯಲ್ಲಿ ಪಂಚನಾಮೆ. ದೊಡ್ಡ ತೂಕದ ಯಂತ್ರದ ತಳದ ಟೊಳ್ಳಿನಲ್ಲಿ ಒಂದು ಕಟ್ಟು ಸಿಕ್ಕಿತು. ಬಾಂಬಿನ ನಕ್ಷೆ ಹುಡುಕುತ್ತಿದ್ದ ಇನ್‌ಸ್ಪೆಕ್ಟರಿಗೆ ಸಿಕ್ಕಿದ್ದು ಅರ್ಜಿಗಳು. ಒಬ್ಬನಿಗೆ ಹಲ್ಲುನೋವು, ಒಬ್ಬನ ಬೂಟು ಹರಿದಿದೆ, ಇನ್ನೊಬ್ಬನ ಹೆಂಡತಿಗೆ ಹೆರಿಗೆ. ಸದಸ್ಯರ ಪಟ್ಟಿಯಲ್ಲಿ ಅರವತ್ಮೂರು ಹೆಸರು, ಐವತ್ನಾಲ್ಕಕ್ಕೆ ಗೀಟು. ನಲವತ್ತೆಂಟರ ಮುಂದೆ 'ಓಡಿಹೋದ', ಆರರ ಮುಂದೆ 'ಶಿಕ್ಷೆ'.

"ಇವರಿಗೆ ಹೆದರಿ ಊರೆಲ್ಲ ಬಾಗಿಲು ಹಾಕ್ಕೊಂಡು ಕೂತಿತ್ತಲ್ರೀ! ಒಳಗೆಲ್ಲ ಗೆದ್ದಲು," ಎಂದ ಇನ್‌ಸ್ಪೆಕ್ಟರ್.

ಹೆಡ್ ಕಾನ್‌ಸ್ಟೇಬಲಮ್ಮ ನಗಲಿಲ್ಲ. ಆ ಆರರಲ್ಲಿ ಕೊನೆಯ ಹೆಸರು ಬೆಳಿಗ್ಗೆ ಓದಿದ ಅರ್ಜಿಯ ಕೆಳಗಿದ್ದದ್ದೇ.

"ಕೆಂಪು ಶಾಯಿ ಯಾರದು?" ಇನ್‌ಸ್ಪೆಕ್ಟರ್ ಅಣ್ಣನನ್ನು ಕೇಳಿದ.

"ನಂದೇ," ಎಂದ ಅಣ್ಣ.

"ಸ್ವಂತ ಸೋದರಳಿಯ ಅಲ್ವೇನೋ?"

"ಅದಕ್ಕೇ. ಇಪ್ಪತ್ತು ವರ್ಷ ಕಟ್ಟಿದ್ದು ಕಣ್ಮುಂದೆ ಖಾಲಿಯಾಗ್ತಿತ್ತು. ನಮ್ಮನೆ ಹುಡುಗನಿಗೇ ರಜೆ ಕೊಟ್ರೆ ಮಿಕ್ಕವರನ್ನ ಯಾವ ಬಾಯಲ್ಲಿ ತಡೀಲಿ?"

"ತಂಗಿಗೆ ಕಾಗದ ಯಾಕೆ ಓದ್ತಿದ್ದೆ?"

"ಮಗನ ಕಾಗದ ಬಂತಾ ಅಂತ ದಿನಾ ಕೇಳೋಳು. ಅವನ ಕೈಬರಹ ನನ್ಹತ್ರ ಇದ್ದಿದ್ದು ಅದೊಂದೇ."

ಐದು ನಲವತ್ತಕ್ಕೆ ದಸ್ತಗಿರಿ ನಮೂದಾಯಿತು.

ಬೆಂಚಿನ ಮೇಲೆ ಬೆಳಗಿನಿಂದ ಕೂತೇ ಇದ್ದ ತಾಯಿಗೆ ಹೆಡ್ ಕಾನ್‌ಸ್ಟೇಬಲಮ್ಮ ಎಲ್ಲ ಹೇಳಿದಳು. ಅವಳು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು.

"ಕೆಂಪಿಂದು ಬೇಡ ತಾಯಿ. ನನ್ ಮಗ ಬರೆದಿದ್ದಷ್ಟು ಓದು."

"'ಹನ್ನೆರಡನೇ ತಾರೀಕು ಅಮ್ಮನ ಕಣ್ಣಿನ ಆಪರೇಶನ್. ಪಟ್ಟಿ ಬಿಚ್ಚುವಾಗ ಎದುರಿಗೆ ನಾನಿರಬೇಕು. ಹತ್ತು ದಿನ ರಜೆ ಕೊಡಿ. ಖಂಡಿತ ವಾಪಸು ಬರುತ್ತೇನೆ.'"

ತಾಯಿ ನೀಲಿ ದಾರವನ್ನು ಬೆರಳಿನಿಂದ ಸವರಿದಳು.

"ಪಟ್ಟಿ ಬಿಚ್ಚಿದಾಗ ಮೊದಲು ಕಂಡಿದ್ದು ನಮ್ಮಣ್ಣನ ಮುಖ," ಎಂದಳು. "ನಗ್ತಾ ಇದ್ದ."