ಸನ್ಮತಿಯ ರಬ್ಬರ್ ಹುಳ

“ಇದೇನ ಬೇ ಇದು? ಎರಿಹುಳಾನೋ, ಸುಟ್ಟ ಹಪ್ಪಳಾನೋ?”

ಗೆಳತಿ ದೀಪಾಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸನ್ಮತಿಗೆ ಸಿಟ್ಟು ಬಂತು. ಅಚ್ಚಿನಿಂದ ಈಗಷ್ಟೇ ಬಿಡಿಸಿದ ರಬ್ಬರ್ ಹುಳ ಅವಳ ಅಂಗೈ ಮೇಲೆ ಬಿದ್ದಿತ್ತು. ಮೈತುಂಬಾ ಗುಳ್ಳೆ, ಬಾಲವೇ ಇಲ್ಲ.

“ನಗಬ್ಯಾಡ. ಅಚ್ಚು ಇನ್ನಾ ಹಸಿ ಇತ್ತು, ಅದಕ್ಕ ಗುಳ್ಳಿ ಬಂದಾವ,” ಎಂದಳು.

ಇದೆಲ್ಲ ಶುರುವಾಗಿದ್ದು ಹೋದ ತಿಂಗಳು. ದೀಪಾಲಿಯ ಕಾಕಾ ಲಗಮಣ್ಣ ಸತ್ತಿ ಊರಿನ ಹೊಳೆದಂಡೆಯಲ್ಲಿ ಗಾಳ ಹಾಕಿ ಮೀನು ಹಿಡಿಯುತ್ತಾನೆ. ಅವತ್ತು ಅವನು ಗಾಳಕ್ಕೆ ಎರೆಹುಳ ಚುಚ್ಚುವುದನ್ನು ಸನ್ಮತಿ ನೋಡಿಬಿಟ್ಟಳು. ಸನ್ಮತಿಯದು ಜೈನರ ಮನೆ. ಮಳೆಗಾಲದಲ್ಲಿ ಶಾಲೆಯ ದಾರಿಗೆ ಬಂದ ಎರೆಹುಳಗಳನ್ನು ಎಲೆಯ ಮೇಲೆ ಎತ್ತಿ ಬದುವಿಗೆ ಬಿಡುವ ಹುಡುಗಿ ಅವಳು. ಅದಕ್ಕಾಗಿ ಎರಡು ಸಲ ಪ್ರೇಯರ್‌ಗೆ ಲೇಟಾಗಿ ಬೈಸಿಕೊಂಡದ್ದೂ ಉಂಟು.

“ಕಾಕಾ, ಹುಳಾ ಚುಚ್ಚಬ್ಯಾಡ್ರಿ!”

“ಹುಳಾ ಇಲ್ಲಂದ್ರ ಮೀನ ಬರ್ತಾವೇನವ್ವಾ? ಅಂಗಡ್ಯಾಗ ರಬ್ಬರ್ ಹುಳಾ ಸಿಗ್ತಾವ, ಒಂದ ಸಲ ತಂದಿದ್ದೆ. ನಮ್ಮ ಹೊಳಿ ಮೀನ ಮೂಸಿನೂ ನೋಡಲಿಲ್ಲ.”

“ನಾನ ಮಾಡಿಕೊಡ್ತೀನ್ರಿ. ಅದಕ್ಕ ಮೀನ ಬಿದ್ರ ಖರೇ ಹುಳಾ ಬಿಡ್ತೀರೇನ್ರಿ?”

“ಬಿಡ್ತೀನಿ. ಹೊಳಿ ಸಾಕ್ಷಿ!” ಎಂದು ಕಾಕಾ ನಕ್ಕ.

ಹಠಕ್ಕೆ ಬಿದ್ದಳೆಂದರೆ ಸನ್ಮತಿಯನ್ನು ಹಿಡಿಯುವವರಿಲ್ಲ. ಮೊಬೈಲಿನಲ್ಲಿ ವೀಡಿಯೊ ನೋಡಿದಳು. ತೋಟದಲ್ಲಿ ಕುಕ್ಕರುಗಾಲಲ್ಲಿ ಕೂತು ನಿಜವಾದ ಹುಳ ಹೇಗೆ ಹರಿಯುತ್ತದೆ ಎಂದು ನೋಡಿದಳು. ಜೇಡಿಮಣ್ಣಿನಲ್ಲಿ ಹುಳ ತಿದ್ದಿ, ಅದನ್ನು ಪ್ಲಾಸ್ಟರಿನಲ್ಲಿ ಒತ್ತಿ ಅಚ್ಚು ಮಾಡಿದಳು. ಹುಳ ಮಾಡುವ ದ್ರವವನ್ನು ಕಾಕಾ ಆನ್‌ಲೈನಿನಲ್ಲಿ ತರಿಸಿದ. ಕಾಸಿ ಹೊಯ್ಯುವ ಕೆಲಸವೂ ಅವನದೇ. “ದೂರ ನಿಂದರ್ರಿ, ಹೊಗಿ ಕೆಟ್ಟದ್ದೈತಿ,” ಎಂದು ಮಾಸ್ಕ್ ಒಳಗಿಂದಲೇ ಗದರಿಸುತ್ತಿದ್ದ.

ಮೊದಲ ಹುಳ ಹಪ್ಪಳವಾದ ಮೇಲೆ ಹೊಸ ಅಚ್ಚು ಮಾಡಿ ಮೂರು ದಿನ ಬಿಸಿಲಿಗೆ ಒಣಗಿಸಿದರು. ಬಾಲವನ್ನು ಸನ್ಮತಿ ಬೇಕಂತಲೇ ತೆಳ್ಳಗೆ ಕೊರೆದಳು. ಕಾಕಾ ಅಚ್ಚಿಗೆ ಎಣ್ಣೆ ಸವರಿ, ಕೆಂಪು ದ್ರವವನ್ನು ನಿಧಾನವಾಗಿ ಹೊಯ್ದ. ಆರಿದ ಮೇಲೆ ಬಿಡಿಸಿ ಬಕೆಟ್ ನೀರಿನಲ್ಲಿ ಎಳೆದು ನೋಡಿದರೆ, ಬಾಲ ಥಕಥಕ ಕುಣಿಯಿತು. ದೀಪಾಲಿ ಒಂದು ಹೆಜ್ಜೆ ಹಿಂದೆ ಸರಿದಳು.

“ಅಯ್ಯ! ಜೀವ ಐತೇನ ಬೇ ಇದಕ್ಕ?”

ಸನ್ಮತಿಗೆ ಎಷ್ಟು ಹೆಮ್ಮೆ ಅಂತೀರಿ! ಮೂಗಿಗೆ ಮೆತ್ತಿದ ಪ್ಲಾಸ್ಟರನ್ನೂ ಒರೆಸಿಕೊಳ್ಳದೆ ಹೊಳೆಗೆ ಓಡಿದಳು.

ಕಾಕಾ ಗಾಳ ಬೀಸಿದ. ಮೊದಲ ಸಲ ಏನೂ ಬೀಳಲಿಲ್ಲ. ಎರಡನೇ ಸಲವೂ ಇಲ್ಲ. “ಕಚ್ಚು, ಕಚ್ಚು, ಪ್ಲೀಸ್ ಕಚ್ಚು,” ಎಂದು ಸನ್ಮತಿ ಕಣ್ಣು ಮುಚ್ಚಿ ಬೇಡಿಕೊಂಡಳು. ದಾರ ಜಗ್ಗಿತು.

“ಬಿತ್ತು! ಬಿತ್ತು!” ಎಲ್ಲರಿಗಿಂತ ಜೋರಾಗಿ ಕೂಗಿ ಕುಣಿದವಳು ಸನ್ಮತಿಯೇ.

ಕಾಕಾ ಮೀನನ್ನು ಎಳೆದು ಮರಳಿನ ಮೇಲೆ ಹಾಕಿದ. ಅದು ಪಟಪಟ ಬಡಿದುಕೊಂಡಿತು. ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಒಳಗಿಂದ ಕೆಂಪು ಬಾಲ ಇಣುಕುತ್ತಿತ್ತು. ಅವಳ ಹುಳವನ್ನು ನಂಬಿಯೇ ಅದು ಬಂದಿತ್ತು. ಸನ್ಮತಿಯ ಕುಣಿತ ನಿಂತಿತು.

“ಶಾಬಾಸ್! ಮಾತಂದ್ರ ಮಾತು. ಇನ್ನ ಖರೇ ಹುಳಾ ಬಂದ್,” ಎಂದ ಕಾಕಾ. “ಇಂಥಾವು ಇನ್ನೊಂದ ಹತ್ತು ಬೇಕವ್ವಾ.”

ದೀಪಾಲಿ ಗೆಳತಿಯ ಮುಖ ನೋಡಿದಳು. ಇವತ್ತು ದೀಪಾಲಿಯ ಮನೆಯಲ್ಲಿ ಮೀನಿನ ಸಾರು. ಬೆಳಗಿನಿಂದ ಅದಕ್ಕೇ ಕಾದಿದ್ದಳು. ಆದರೂ ಮೆಲ್ಲಗೆ, “ನಿನಗ ಬ್ಯಾಡಾದ್ರ ಬಿಡು. ಅಚ್ಚು ಐತಲ್ಲ, ನಾವ ಹೊಯ್ಕೋತೀವಿ,” ಎಂದಳು.

ಆಗಲಿ ಎಂಬಂತೆ ಸನ್ಮತಿ ತಲೆಯಾಡಿಸಿದಳು. ಮೀನಿನ ಕಡೆ ಮತ್ತೆ ನೋಡದೆ ಮನೆಯ ದಾರಿ ಹಿಡಿದಳು.

ಅವಳ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಯಬೇಕು. ಅಜ್ಜಿ ಕಾಶಿಬಾಯಿ ರೊಟ್ಟಿ ಬಡಿಸುತ್ತ ಕೇಳಿದಳು, “ಏನಾತು ನಿನ್ನ ರಬ್ಬರ್ ಹುಳದ್ದು?”

“ಕಾಕಾ ಇನ್ನ ಎರಿಹುಳಾ ಚುಚ್ಚಂಗಿಲ್ಲಂತ ಅಜ್ಜಿ.”

“ನನ್ನ ಬಂಗಾರ! ಎಷ್ಟ ಜೀವಾ ಉಳಿಸಿದಿ!” ಅಜ್ಜಿ ನೆಟಿಕೆ ಮುರಿದು ದೃಷ್ಟಿ ತೆಗೆದಳು.

ಸನ್ಮತಿ ರೊಟ್ಟಿ ಮುರಿಯುತ್ತ ಕೂತಳು. ಅಜ್ಜಿ ಮೀನಿನ ಬಗ್ಗೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಅನಿಸಿತು.