ಚೆಲ್ಲಿದ ಭಂಡಾರ

"ಆ ಕಾಗದ ಇಲ್ಲಿ ಕೊಡ್ರಿ!"

ಕೋಗಳಿ ಊರಿನ ಕಟ್ಟೆಯ ಮೇಲೆ ಬರೆಯುತ್ತ ಕೂತಿದ್ದ ಪಾಲಾಕ್ಷ ತಲೆ ಎತ್ತಿದ. ಹರಪನಹಳ್ಳಿಯ ವಕೀಲರೊಬ್ಬರ ಜೂನಿಯರ್ ಅವನು. ಪಂಚಾಯ್ತಿಯನ್ನು ಬರೆದುಕೊಳ್ಳಲು ಊರ ಹಿರಿಯರು ಕರೆಸಿದ್ದರು.

ಎದುರಿಗೆ ನಿಂತವಳು ನೀಲಗಂಗಾ. ಕೊಟ್ಟೂರಿನಲ್ಲಿ ಆ ವರ್ಷವೇ, ಅಂದರೆ ಎಂಬತ್ತೆರಡರಲ್ಲಿ, ಬಿ.ಎ. ಮುಗಿಸಿದವಳು. ಕಣ್ಣಲ್ಲಿ ಕೆಂಡ!

ಅವಳು ಕಾಗದ ಕಿತ್ತುಕೊಂಡು ಓದಿದಳು. 'ಅಂಜಿನಕ್ಕನ ಕೈ ನಡುಗಿ ಭಂಡಾರ ಚೆಲ್ಲಿತು.'

"ನಾಚಿಕಿ ಆಗಂಗಿಲ್ಲೇನ್ರಿ? ಕಾನೂನು ಓದಿ ಇದನ್ನ ಬರಿಯಾಕ ಬಂದ್ರೇನು?"

"ಪೂರ್ತಿ ಓದ್ರಿ, ಮೊದಲನೇ ಹಾಳಿ..."

"ಓದೋದೇನೂ ಉಳಿದಿಲ್ಲ!" ಕಾಗದವನ್ನು ಅವನ ಮುಖಕ್ಕೇ ಎಸೆದು ಹೊರಟಳು.

ಆದದ್ದಿಷ್ಟು. ಊರಿನ ಹಿರಿಯ ಏಕಾಂತಪ್ಪನ ಮನೆಯಲ್ಲಿ ಬಂಗಾರದ ಗುಂಡಿನ ಸರ ಕಾಣೆಯಾಗಿತ್ತು. ಅಂದು ಅಲ್ಲಿ ಶ್ಯಾವಿಗೆ ಹೊಸೆಯುತ್ತಿದ್ದ ಹನ್ನೊಂದು ಹೆಂಗಸರೂ ಮೈಲಾರಲಿಂಗನ ಭಂಡಾರವನ್ನು, ಆ ಅರಿಶಿನಪುಡಿಯನ್ನು, ಅಂಗೈಯಲ್ಲಿ ಹಿಡಿದು ಕಟ್ಟೆ ಸುತ್ತಬೇಕು. ಚೆಲ್ಲಿದವಳೇ ಕಳ್ಳಿ! ಎಂಥ ನ್ಯಾಯ! ಕೊನೆಗೆ ಸುತ್ತಿದವಳು ನೀಲಗಂಗಾಳ ತಾಯಿ ಅಂಜಿನಕ್ಕ. ವಿಧವೆ. ಊರಿಗೆ ಅಷ್ಟೇ ಸಾಕಾಯಿತು.

"ಯಾಕವ್ವಾ ಕೈ ನಡುಗ್ತು?" ಎಂದು ಮಗಳು ಕೇಳಿದಾಗ ಅಂಜಿನಕ್ಕ ಹೇಳಿದ್ದು ಒಂದೇ ಮಾತು. "ಅಷ್ಟು ಮಂದಿ ನೋಡಾಕತ್ತಿದ್ರಲ್ಲವ್ವಾ..."

ಕಳ್ಳರಿಗೆ ಮಾತ್ರ ಕೈ ನಡುಗುತ್ತದೆ ಎಂದು ಹೇಳಿದವರು ಯಾರು? ಆ ಪ್ರಶ್ನೆ ನೀಲಗಂಗಾಳನ್ನು ಸುಡತೊಡಗಿತು. ಧಾರವಾಡದಲ್ಲಿ ಮನಃಶಾಸ್ತ್ರದ ಎಂ.ಎ. ಓದಬಹುದು, ಅಪರಾಧ ಮನಃಶಾಸ್ತ್ರವೂ ಅದರಲ್ಲಿದೆ ಎಂದು ಅವಳ ಮೇಷ್ಟ್ರು ಅರ್ಜಿ ತಂದುಕೊಟ್ಟಿದ್ದರು. ಆದರೆ ಹೋದರೆ? ಕಳ್ಳಿ ಎನ್ನಿಸಿಕೊಂಡ ಅವ್ವನನ್ನು ಈ ಜನರ ನಡುವೆ ಬಿಟ್ಟು ಹೇಗೆ ಹೋಗಲಿ!

ವಾರದೊಳಗೆ ಏಕಾಂತಪ್ಪ ಪೊಲೀಸರಿಗೂ ದೂರು ಕೊಟ್ಟ. ಅಂಜಿನಕ್ಕ ಠಾಣೆಯಲ್ಲಿ ಒಂದು ಹಗಲು ಪೂರ್ತಿ ಕೂತಳು. ಸಂಜೆ ಅವಳನ್ನು ಯಾಕೆ ಬಿಟ್ಟರೋ ಮಗಳಿಗೆ ಗೊತ್ತಾಗಲಿಲ್ಲ.

ಅರ್ಜಿಗೆ ಮರುದಿನವೇ ಕಡೆಯ ದಿನ. ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಸಹಿ ಮಾಡದ ಅರ್ಜಿ ಹಿಡಿದು, ಧಾರವಾಡದ ಬಸ್ಸು ಹತ್ತಲೋ ಬೇಡವೋ ಎಂದು ಅವಳು ಕೂತಿದ್ದಳು. ಪಾಲಾಕ್ಷ ಎದುರು ಬಂದ.

"ಮತ್ತ ಯಾರನ್ನ ಕಳ್ಳಿ ಮಾಡಾಕ ಹೊಂಟ್ರಿ?"

ಅವನು ಮೊದಲನೇ ಹಾಳೆಯ ನಕಲು ಚಾಚಿದ.

ಹನ್ನೊಂದು ಹೆಸರುಗಳು. ನಾಲ್ವರ ಮುಂದೆ 'ಚೆಲ್ಲಿತು' ಎಂದಿತ್ತು. ಅದರಲ್ಲಿ ಏಕಾಂತಪ್ಪನ ತಂಗಿ ಒಬ್ಬಳು, ಸೊಸೆ ಇನ್ನೊಬ್ಬಳು!

"ನಿಮ್ಮವ್ವನ ಬಿಟ್ಟು ಉಳಿದವರು ಚೆಲ್ಲಿದ್ದನ್ನ ಊರು ನೋಡಲಿಲ್ಲ, ನಾ ನೋಡಿ ಬರದಿದ್ದೆ," ಎಂದ ಅವನು. "ಎರಡೂ ಹಾಳಿ ಠಾಣೆಗೆ ಕೊಟ್ಟೆ. ಆಮ್ಯಾಲೆ ನಿಮ್ಮವ್ವನ್ನ ಬಿಟ್ರು."

ಅಯ್ಯೋ, ಇವರನ್ನೇ ಬೈದೆನಲ್ಲ... ಆದರೂ ಅವಳ ಸಿಟ್ಟು ಇಳಿಯಲಿಲ್ಲ.

"ಮೊದಲ ಯಾಕ ಹೇಳಲಿಲ್ರಿ!"

"ಹೇಳಾಕ ಬಿಟ್ರೇನು ನೀವು?"

ನಗು ಬಂತು, ಜೊತೆಗೇ ಅಳುವೂ. "ಈಗ ನಾ ಹೋದ್ರ ಕಳ್ಳಿ ಮಗಳು ಓಡಿಹೋದ್ಲು ಅಂತಾರ."

"ನಿಮ್ಮವ್ವ ಏನಂತಾರ?"

"'ನೀ ಇಲ್ಲೇ ಕುಂತ್ರ ನನ್ನ ಕೈ ನಡುಗೋದು ನಿಲ್ತೈತೇನು?' ಅಂದ್ಲು." ಹೇಳುತ್ತಿದ್ದಂತೆ ಅವಳಿಗೇ ಉತ್ತರ ಸಿಕ್ಕಿತು. ಮತ್ತೊಬ್ಬ ಅವ್ವ ಆ ಕಟ್ಟೆ ಸುತ್ತಬಾರದು! ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡು ಸಹಿ ಹಾಕಿದಳು.

"ನೀಲಗಂಗಾ... ಅವತ್ತು ಬೈದ್ರಲ್ಲ, ಅವತ್ತಿಂದ ನಂಗ ನಿದ್ದಿಲ್ಲ. ನೀವಂದ್ರ ನನಗ..."

ಅವಳು ಅವ್ವ ಕಟ್ಟಿಕೊಟ್ಟ ಭಂಡಾರದ ಪೊಟ್ಟಣ ಬಿಚ್ಚಿ ಅವನ ಅಂಗೈಗೆ ಸುರಿದಳು.

"ಇದನ್ನ ಹಿಡಕೊಂಡು ಹೇಳ್ರಿ."

"ಜೀವ," ಎಂದ. ಕೈ ಗಡಗಡ ನಡುಗಿ, ಅವಳ ಸೀರೆಯ ಮೇಲೆಲ್ಲ ಹಳದಿ ಚೆಲ್ಲಿತು.

"ಚೆಲ್ತು..." ಅವನ ಮುಖ ಬಾಡಿತು. "ಸುಳ್ಳು ಅಂತ ಬರೀತೀರೇನು?"

ಆ ನಡುಗುವ ಕೈಯನ್ನು ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಯಾಕ ನಡುಗ್ತು ಅಂತ ಓದಿ ಬಂದು ಬರೀತೀನಿ. ಎರಡು ವರ್ಷ ಆಕ್ಕೈತಿ. ಕಾಯ್ತೀರೇನು?"

"ನಡುಗ್ತಾನ ಕಾಯ್ತೀನಿ."