ತುಪ್ಪ ಬಂದರೆ ಒಳಗೆ

“ಹಾಲಿಲ್ಲ, ಮೊಸರಿಲ್ಲ, ಬೆಣ್ಣಿ ಇಲ್ಲ, ತುಪ್ಪಿಲ್ಲ. ಮತ್ತ ಈ ಹೋಟ್ಲಿನ್ಯಾಗ ಏನೈತಿ?”

ಬಾಳವ್ವಜ್ಜಿ ಮೆನು ಕಾರ್ಡನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದಳು. ಅಲ್ಲಿ ಹೋಟೆಲಿನ ಫೋನ್ ನಂಬರ್ ಮಾತ್ರ ಇತ್ತು.

“ಉಳಿದಿದ್ದೆಲ್ಲಾ ಐತಿ ಅಜ್ಜಿ,” ಎಂದಳು ಸಮೃದ್ಧಿ.

“ಇವು ಬಿಟ್ಟ ಮ್ಯಾಲ ಉಳಿಯೂದು ಏನ?”

ಅಜ್ಜಿ ಬೀಡಿ ಎಂಬ ಹಳ್ಳಿಯಲ್ಲಿ ಎಮ್ಮೆ ಸಾಕಿದವಳು. ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಸಮೃದ್ಧಿ ಈ ಊಟಕ್ಕಾಗಿ ಬೇಸಿಗೆ ರಜೆ ಶುರುವಾದಾಗಿನಿಂದ ಮನೆಯವರ ತಲೆ ತಿಂದಿದ್ದಳು. ಬಸವ ಜಯಂತಿಯ ಊಟ ಈ ಸಲ ಬೀಡಿಯ ಅಜ್ಜಿಮನೆಯಲ್ಲಿ ಬೇಡ, ಬೆಳಗಾವಿಯ ವೀಗನ್ ಹೋಟೆಲಿನಲ್ಲೇ ಆಗಬೇಕು ಎಂದು ಹಟ ಹಿಡಿದಿದ್ದಳು. ಕೊನೆಗೆ ಪಪ್ಪ, “ಆತು ನಮ್ಮವ್ವಾ, ಹೋಗೂಣು,” ಎಂದಿದ್ದ. ಪಪ್ಪ ಒಪ್ಪಿದ್ದು ಪ್ರೀತಿಯಿಂದಲ್ಲ, ಸುಸ್ತಾಗಿ.

ಹಟಕ್ಕೆ ಕಾರಣ ಅವಳ ತಮ್ಮ ಸುಮಿತ.

ಸುಮಿತನಿಗೆ ಆರು ವರ್ಷ. ಅವನಿಗೆ ಹಾಲಿನ ಅಲರ್ಜಿ. ಹಾಲಾಗಲಿ, ಹಾಲಿನಿಂದ ಮಾಡಿದ್ದಾಗಲಿ ಹೊಟ್ಟೆಗೆ ಹೋದರೆ ಸಾಕು, ತುಟಿ ಬಾತುಕೊಳ್ಳುತ್ತದೆ, ಮೈಯೆಲ್ಲ ದದ್ದು ಏಳುತ್ತದೆ, ಉಸಿರಾಡಲು ಕಷ್ಟವಾಗುತ್ತದೆ. ಒಂದು ಯುಗಾದಿಯ ದಿನ ಬೀಡಿಯಲ್ಲಿ ಯಾರೋ ಮಾವ ಪ್ರೀತಿ ಹೆಚ್ಚಾಗಿ ಅವನ ಹೋಳಿಗೆಯ ಮೇಲೆ ತುಪ್ಪ ಸುರಿದಿದ್ದ. ಆ ಹಬ್ಬವನ್ನು ಮನೆಯವರೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಆಚರಿಸಿದರು.

ಅಂದಿನಿಂದ ಸಮೃದ್ಧಿ ಒಂದು ರೂಲ್ ಮಾಡಿದಳು. ಹಬ್ಬದ ಪಂಕ್ತಿ ಕೂತಾಗ ಸುಮಿತ ಅಡಿಗೆಮನೆಯಲ್ಲಿ ಕೂತು ಉಣ್ಣಬೇಕು. ತುಪ್ಪ ಬಡಿಸುವ ಕೈಗಳೆಲ್ಲ ಹೊರಗೆ, ಸುಮಿತ ಒಳಗೆ. ರೂಲ್ ಚೆನ್ನಾಗಿ ನಡೆಯಿತು. ಆಮೇಲೆ ಯಾರೂ ಆಸ್ಪತ್ರೆಯ ಮುಖ ನೋಡಲಿಲ್ಲ.

“ಅವಂಗೂ ಅಡಿಗಿಮನಿನ ಸೇರತೈತಿ,” ಎಂದು ಸಮೃದ್ಧಿ ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಕೇಳದವರಿಗೂ ಹೇಳುತ್ತಿದ್ದಳು.

ಆದರೂ ಒಮ್ಮೆಯಾದರೂ ಅವನನ್ನು ಎಲ್ಲರ ಜೊತೆ ಕೂಡಿಸಿ ಹಬ್ಬದ ಊಟ ಮಾಡಿಸಬೇಕು ಎಂಬ ಆಸೆ ಅವಳಿಗಿತ್ತು. ಆಗ ಸಿಕ್ಕಿದ್ದೇ ಈ ಹೋಟೆಲಿನ ಸುದ್ದಿ. ತಂದವಳು ಕ್ಲಾಸ್‌ಮೇಟ್ ತಹಮೀನಾ. ಹೋಟೆಲ್ ನಡೆಸುವವನು ಅವಳ ಮುದಸ್ಸರ ಮಾಮು.

“ವೀಗನ್ ಅಂದ್ರ ಪ್ರಾಣಿಯಿಂದ ಬಂದದ್ದು ಏನೂ ಇರೂದಿಲ್ಲ. ನೀ ಪ್ಯಾಕೆಟ್ ಓದೂದು, ಮೂಸಿ ನೋಡೂದು ಏನೂ ಬ್ಯಾಡ. ಸುಮ್ಮ ತಿನ್ನೂದು,” ಎಂದಿದ್ದಳು ತಹಮೀನಾ.

ಈಗ ಆ ಮುದಸ್ಸರ ಮಾಮುವೇ ತಾಟುಗಳನ್ನು ತಂದಿಟ್ಟ. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಬಿಸಿ ಹೋಳಿಗೆ, ಕಾಯಿಹಾಲಿನ ಸೀಕರಣೆ, ಮೂಲೆಯಲ್ಲಿ ಒಂದು ಚಮಚದಷ್ಟು ಕುಂದಾ.

“ಅಕ್ಕಾ, ಇದು?” ಸುಮಿತ ಹೋಳಿಗೆಯತ್ತ ಬೆರಳು ಮಾಡಿದ.

“ತಿನ್ನಬಹುದು.”

“ಇದು?”

“ತಿನ್ನಬಹುದು.”

“ಇದು ಕುಂದಾ ಅಲ್ಲಾ?”

“ಕುಂದಾನ. ತಿನ್ನಬಹುದು.”

ಸುಮಿತ ಅಕ್ಕನ ಮುಖವನ್ನು ಅನುಮಾನದಿಂದ ನೋಡಿದ. ಹುಟ್ಟಿದಾಗಿನಿಂದ ಅವನು ಬೆಳಗಾವಿಯಿಂದ ಹಾಲಿನ ಕುಂದಾ ತರುವವರನ್ನು ನೋಡಿದ್ದ, ತಿನ್ನುವವರನ್ನು ನೋಡಿದ್ದ, ಖಾಲಿ ಡಬ್ಬಿಗಳನ್ನು ಆಟಕ್ಕೆ ತೆಗೆದುಕೊಂಡಿದ್ದ. ಕುಂದಾದ ಸಂಗಡ ಅವನ ಸಂಬಂಧ ಅಷ್ಟೇ ಇತ್ತು. ಮಮ್ಮಿ ಯಾಕೋ ಕಿಟಕಿಯ ಕಡೆ ಮುಖ ತಿರುಗಿಸಿದಳು.

“ಹಾಲಿಲ್ಲದ ಕುಂದಾ ಹೆಂಗ ಮಾಡ್ತೀರೋ ತಮ್ಮಾ?” ಅಜ್ಜಿ ಮುದಸ್ಸರನನ್ನು ಕೇಳಿದಳು.

“ಗೋಡಂಬಿ ರುಬ್ಬಿ, ಕಾಯಿಹಾಲು ಹಾಕಿ, ಕೆಂಪಗಾಗೂ ಮಟ ಕೈ ಆಡಸ್ತೀವ್ರಿ.”

“ಪಾಪ,” ಎಂದಳು ಅಜ್ಜಿ. ಯಾರಿಗೆ ಪಾಪ ಎಂದು ಹೇಳಲಿಲ್ಲ.

ತಾಟು ಬಂದಿತ್ತು, ಹಸಿವೂ ಇತ್ತು. ಆದರೆ ಯಾರೂ ತುತ್ತು ಮುರಿಯಲಿಲ್ಲ. ಬೀಡಿಯ ಮನೆಯಲ್ಲಿ ಅಜ್ಜಿ ಎಲ್ಲರ ತಾಟಿಗೂ ತುಪ್ಪ ಹಾಕಿ, “ಹೂಂ, ಉಣ್ರಿ,” ಎನ್ನುವ ತನಕ ಯಾರೂ ಊಟಕ್ಕೆ ಕೈ ಹಚ್ಚುವುದಿಲ್ಲ. ಇಲ್ಲಿ ತುಪ್ಪವಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಪಪ್ಪನ ಕೈ, ಮಮ್ಮಿಯ ಕೈ, ಸಮೃದ್ಧಿಯ ಕೈ ತಾವಾಗಿಯೇ ಕಾಯುತ್ತ ಕೂತವು. ಸುಮಿತ ಮಾತ್ರ ಯಾವುದರಿಂದ ಶುರು ಮಾಡುವುದು ಎಂದು ತಾಟಿನ ಸುತ್ತ ಬೆರಳು ತಿರುಗಿಸುತ್ತಿದ್ದ.

ಅಜ್ಜಿ ಆ ಕೈಗಳನ್ನು ಒಂದಿಷ್ಟು ಹೊತ್ತು ನೋಡಿದಳು. ಆಮೇಲೆ ಚೀಲದಿಂದ ಒಂದು ಗಾಜಿನ ಬಾಟಲಿ ತೆಗೆದಳು. ಚಮಚವನ್ನೂ ಮನೆಯಿಂದಲೇ ತಂದಿದ್ದಳು.

ಸಮೃದ್ಧಿ ಅರ್ಧ ಎದ್ದು ನಿಂತಳು. “ಅಜ್ಜಿ! ಇಲ್ಲೆ ತುಪ್ಪ ತರಬಾರದು!”

“ಇವರ ಕಡೆ ಇಲ್ಲಂತ ನೀನ ಹೇಳೀದಿ. ಅದಕ್ಕ ತಂದೀನಿ.”

“ಸುಮಿತಗ ಅಲರ್ಜಿ ಐತಿ!”

“ಅವಂಗ ಹಾಕೂದಿಲ್ಲ ಬಿಡು. ಉಳಿದವ್ರು ಏನ ಪಾಪ ಮಾಡ್ಯಾರ? ಹಬ್ಬದ ದಿನ ಒಣಾ ಹೋಳಿಗಿ ತಿನ್ನಸಬೇಕೇನ?”

“ಯವ್ವಾ, ಬ್ಯಾಡ ಬೇ,” ಎಂದು ಪಪ್ಪ ತಾಟಿಗೆ ಕೈ ಅಡ್ಡ ಹಿಡಿದ. ನಮ್ಮ ಕಡೆ ತಾಟಿಗೆ ಕೈ ಅಡ್ಡ ಹಿಡಿದರೆ ಇನ್ನೊಮ್ಮೆ ಕೇಳಿ ಎಂದರ್ಥ. ಅಜ್ಜಿ ಕೇಳಲೂ ಇಲ್ಲ. ಪಪ್ಪನ ಬೆರಳ ಸಂದಿಯಿಂದ ತುಪ್ಪ ಹೋಳಿಗೆಯ ಮೇಲೆ ಇಳಿಯಿತು. ಪಪ್ಪ ಖಾನಾಪುರದ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಅವನ ಒಂದು ಸೀಟಿಗೆ ಇಡೀ ಮೈದಾನ ನಿಂತುಬಿಡುತ್ತದೆ. ಈಗ ಅವನು ಸುಮ್ಮನೆ ಕೈ ಒರೆಸಿಕೊಂಡ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಒಂದು ಕಡೆ ಕೂತು ಉಣ್ಣುವವರೆಲ್ಲ ಅಜ್ಜಿಯ ಪ್ರಕಾರ ಒಂದೇ ಪಂಕ್ತಿ. ಒಬ್ಬರಿಗೆ ಹಾಕಿ ಬಾಜೂದವರನ್ನು ಬಿಟ್ಟರೆ ಅದು ಪಂಕ್ತಿಭೇದ. ಅಂಥ ಕೆಲಸವನ್ನು ಬಾಳವ್ವಜ್ಜಿ ಜನ್ಮದಲ್ಲಿ ಮಾಡಿದವಳಲ್ಲ. ಅವಳು ಸೆರಗು ಸರಿಮಾಡಿಕೊಂಡು ಎದ್ದು ಪಕ್ಕದ ಟೇಬಲ್ಲಿಗೆ ಹೋದಳು. ಅಲ್ಲಿ ಇಬ್ಬರು ಕಾಲೇಜು ಹುಡುಗಿಯರು ಊಟ ಮಾಡುತ್ತಿದ್ದರು.

“ಅಜ್ಜಿ, ಬ್ಯಾಡ್ರೀ, ನಾವು ವೀಗನ್ ಅದೀವಿ,” ಎಂದಳು ಒಬ್ಬಳು.

“ಯಾರರ ಆಗ್ರಿ. ಉಣ್ಣಾಕ ಕುಂತವರಿಗೆ ನೀವು ಯಾವ ಮಂದಿ ಅಂತ ನಾವು ಕೇಳೂದಿಲ್ಲ,” ಎಂದು ಅಜ್ಜಿ ಇಬ್ಬರಿಗೂ ಒಂದೊಂದು ಚಮಚ ಹಾಕಿದಳು. ಹುಡುಗಿಯರು ಹೋಳಿಗೆಯನ್ನೂ ಅಜ್ಜಿಯನ್ನೂ ನೋಡಿದರು. ಇಬ್ಬರಿಗೂ ಬೈಯುವ ಧೈರ್ಯ ಬರಲಿಲ್ಲ.

ಮುದಸ್ಸರ ಓಡಿ ಬಂದ. “ಅಜ್ಜೀ, ದಯವಿಟ್ಟು, ನಮ್ಮ ಹೋಟ್ಲಿನ್ಯಾಗ ತುಪ್ಪ…”

“ನಿನಗೂ ಐತಿ ತಡಿ. ಕೈ ಹಿಡಿ.”

ಮುದಸ್ಸರ ಕೈ ಹಿಡಿದ. ಹಿರಿಯರು ಹಿಡಿ ಎಂದಾಗ ಹಿಡಿದು ರೂಢಿ, ಅಷ್ಟೇ. ಅಜ್ಜಿ ಅಂಗೈ ತುಂಬ ತುಪ್ಪ ಸುರಿದು ಮುಂದಿನ ಟೇಬಲ್ಲಿಗೆ ಹೊರಟಳು. ವೀಗನ್ ಹೋಟೆಲಿನ ಮಾಲೀಕ ಬೊಗಸೆಯಲ್ಲಿ ಎಮ್ಮೆ ತುಪ್ಪ ಹಿಡಿದುಕೊಂಡು, ಇದನ್ನು ಎಲ್ಲಿ ಇಡುವುದು ಎಂದು ತಿಳಿಯದೆ ನಿಂತ.

ಸಮೃದ್ಧಿಗೆ ನಗೆಯೂ ಬಂತು, ಭೂಮಿ ಬಾಯಿ ಬಿಡಬಾರದೇ ಅಂತಲೂ ಅನಿಸಿತು. ಸುಮಿತನಿಗೂ ನಗೆ ಬಂದಿರಬೇಕು ಎಂದು ತಿರುಗಿ ನೋಡಿದಳು.

ಸುಮಿತನ ಕುರ್ಚಿ ಖಾಲಿ ಇತ್ತು. ತಾಟೂ ಇರಲಿಲ್ಲ.

“ಮಮ್ಮಿ, ಸುಮಿತ ಎಲ್ಲಿ?”

ಮಮ್ಮಿ ಟೇಬಲ್ಲಿನ ಕೆಳಗೆ ನೋಡಿದಳು. ಪಪ್ಪ ಬಾಗಿಲಿಗೆ ಓಡಿದ. ಸಮೃದ್ಧಿಯ ಕಣ್ಣ ಮುಂದೆ ಯುಗಾದಿಯ ದಿನ ಬಂತು. ತುಪ್ಪ ಎಲ್ಲಾದರೂ ಅವನ ತಾಟಿಗೆ ಸಿಡಿಯಿತೇ? ತುಟಿ ಬಾತಿತೇ? ಬಾತ ತುಟಿ ಇಟ್ಟುಕೊಂಡು ಎಲ್ಲಿಗೆ ಹೋದ?

“ಸಣ್ಣ ಹುಡುಗ ಏನ? ಕಿಚನ್ ಎಲ್ಲೈತಿ ಅಂತ ಕೇಳಿದಾ. ನಾವ ತೋರಿಸಿದ್ವಿ,” ಎಂದಳು ಕಾಲೇಜು ಹುಡುಗಿ.

ಸಮೃದ್ಧಿ ಒಳಗೆ ಓಡಿದಳು. ಅಡಿಗೆಮನೆಯಲ್ಲಿ ಭರಮವ್ವ ಎಂಬ ಹೆಂಗಸು ಕಟಕಟ ರೊಟ್ಟಿ ಬಡಿಯುತ್ತಿದ್ದಳು. ಅವಳ ಬಾಜು, ಒಂದು ಹಿಟ್ಟಿನ ಡಬ್ಬಿಯ ಮೇಲೆ, ತಾಟನ್ನು ತೊಡೆಯ ಮೇಲಿಟ್ಟುಕೊಂಡು ಸುಮಿತ ಕೂತಿದ್ದ. ತುಟಿ ಸರಿಯಾಗಿತ್ತು. ಇನ್ನೂ ಏನನ್ನೂ ತಿಂದಿರಲಿಲ್ಲ.

“ತಾನ ಬಂದು, ತಾನ ಕುಂತಾನ ನೋಡ್ರಿ,” ಎಂದಳು ಭರಮವ್ವ. “ಹೊರಗ ಹೋಗಪ್ಪಾ ಅಂದ್ರ, ನಂದು ಇಲ್ಲೇ ಊಟ ಅಂತಾನ.”

“ಯಾಕ ಬಂದ್ಯೋ?” ಸಮೃದ್ಧಿಗೆ ಏದುಸಿರು.

“ತುಪ್ಪ ಬಂತಲ್ಲ,” ಎಂದ ಸುಮಿತ. “ತುಪ್ಪ ಬಂದ್ರ ಒಳಗ ಹೋಗಬೇಕು. ನೀನ ಹೇಳೀದಿ.”

ಅದು ಅವಳೇ ಮಾಡಿದ ರೂಲ್. ಅವನು ಒಂದಿಷ್ಟೂ ತಪ್ಪದೆ ಪಾಲಿಸಿದ್ದ. ಅತ್ತಿರಲಿಲ್ಲ, ಯಾರನ್ನೂ ಕರೆದಿರಲಿಲ್ಲ. ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಹೋಟೆಲಿನಲ್ಲಿ ಕಿಚನ್ ಎಲ್ಲಿ ಎಂದು ಕೇಳಿಕೊಂಡು, ತನ್ನ ತಾಟು ತಾನು ಹಿಡಿದುಕೊಂಡು ಬಂದಿದ್ದ.

“ಇರಲಿ. ನಿನಗ ಅಡಿಗಿಮನಿ ಸೇರತೈತಲ್ಲ,” ಎಂದಳು ಸಮೃದ್ಧಿ.

“ಇಲ್ಲ,” ಎಂದ ಸುಮಿತ.

“ಮತ್ತ? ಬೀಡಿಯಾಗ ಸುಮ್ಮ ಕುಂತಿರತಿ?”

“ಅಲ್ಲೆ ಬೆಕ್ಕು ಇರತೈತಿ.” ಅವನು ಸುತ್ತ ನೋಡಿದ. “ಇಲ್ಲೆ ಬೆಕ್ಕೂ ಇಲ್ಲ.”

ಪ್ರತಿ ಹಬ್ಬಕ್ಕೂ ಸಮೃದ್ಧಿ ಪಂಕ್ತಿಯಲ್ಲಿ ಪಪ್ಪನ ಪಕ್ಕ ಕೂತು, ತಮ್ಮ ಸೇಫ್ ಆಗಿದ್ದಾನೆ ಎಂದು ಸಮಾಧಾನದಿಂದ ಉಂಡಿದ್ದಳು. ತುಪ್ಪವನ್ನು ಒಳಗಿಟ್ಟು ಸುಮಿತನನ್ನು ಹೊರಗೆ ಕೂಡಿಸಬಹುದಿತ್ತು ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಅವಳಿಗಷ್ಟೇ ಅಲ್ಲ, ಯಾರಿಗೂ ಹೊಳೆದಿರಲಿಲ್ಲ.

“ಯಾಕೋ, ಇಲ್ಯಾಕ ಕುಂತಿ? ಎಲ್ಲಾರೂ ಹೊರಗದಾರ.” ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಚಮಚ.

“ತುಪ್ಪ ಹೊರಗೈತಿ ಅಜ್ಜಿ. ಅದಕ್ಕ ನಾ ಒಳಗದೀನಿ,” ಎಂದು ಸುಮಿತ ತಿಳಿಸಿ ಹೇಳಿದ. ಆಮೇಲೆ ಬಾಟಲಿಯನ್ನು ನೋಡಿ, ತಾಟು ಎತ್ತಿಕೊಂಡು, ಡಬ್ಬಿಯ ಆಚೆ ಬದಿಗೆ ಸರಿದು ಕೂತ.

ಅಜ್ಜಿ ಅಲ್ಲೇ ನಿಂತಳು. ಇಡೀ ಹೋಟೆಲಿನಲ್ಲಿ ಒಬ್ಬರನ್ನೂ ಬಿಡದೆ ಬಡಿಸಿ ಬಂದವಳು, ಈಗ ಮೊಮ್ಮಗನನ್ನು ನೋಡುತ್ತಿದ್ದಳು.

“ಸಬಕಾರ ಎಲ್ಲೈತಿ ಬೇ?” ಎಂದು ಅಜ್ಜಿ ಭರಮವ್ವನನ್ನು ಕೇಳಿದಳು.

ಬಾಟಲಿ ಮುಚ್ಚಿ ಮುದಸ್ಸರನ ಕೈಗೆ ಕೊಟ್ಟಳು. ಅವನು ಈಗಷ್ಟೇ ಕೈ ತೊಳೆದು ಬಂದಿದ್ದ. ಪಾಪ, ಮತ್ತೆ ಹಿಡಿದ. ಅಜ್ಜಿ ಬಳೆ ಮೇಲೆ ಸರಿಸಿ, ಮೊಣಕೈ ತನಕ ಸೋಪು ಹಚ್ಚಿ ತೊಳೆದಳು. ಆಮೇಲೆ ಎರಡೂ ಕೈ ಸಮೃದ್ಧಿಯ ಮೂಗಿನ ಮುಂದೆ ಹಿಡಿದಳು.

“ಹೋತೇನ ನೋಡು.”

ಸಮೃದ್ಧಿ ಮೂಸಿದಳು. “ಇನ್ನಾ ಐತಿ ಅಜ್ಜಿ.”

ಅಜ್ಜಿ ಜಗಳ ಮಾಡಲಿಲ್ಲ. ಮತ್ತೆ ತೊಳೆದಳು. ಮತ್ತೆ ಹಿಡಿದಳು. ಈ ಸಲ ಆ ಕೈಗಳಲ್ಲಿ ಬರೀ ಸೋಪಿನ ವಾಸನೆಯಿತ್ತು. ಸಮೃದ್ಧಿಗೆ ಅವು ಬೇರೆ ಯಾರದೋ ಕೈ ಎನಿಸಿದವು.

“ಬಾ,” ಎಂದು ಅಜ್ಜಿ ಸುಮಿತನನ್ನು ಕರೆದಳು. “ಹೊರಗ ಹೋಗೂಣು.”

“ತುಪ್ಪ ಮುಗೀತಾ?”

“ಮುಗೀತು.”

ಹೊರಗೆ ಮುದಸ್ಸರ ಟೇಬಲ್ ಒರೆಸಿ ಹೊಸ ತಾಟುಗಳನ್ನು ಇಟ್ಟಿದ್ದ. ಕಾಲೇಜು ಹುಡುಗಿಯರಿಗೂ ಹೊಸ ಹೋಳಿಗೆ ಬಂದಿತ್ತು. “ತಪ್ಪಾತ್ರೆವಾ,” ಎಂದಳು ಅಜ್ಜಿ ಅವರಿಗೆ. “ಮುಂದಿನ ಹಬ್ಬಕ್ಕ ಮನಿಗೆ ಬರ್ರಿ, ಎಣ್ಣಿ ಹಚ್ಚಿ ಮಾಡ್ತೀನಿ.” ಅವರು ಬರುತ್ತೇವೆ ಎಂದರು. ಬೇರೆ ಏನೆನ್ನಲು ಸಾಧ್ಯವಿತ್ತು?

ಎಲ್ಲರೂ ಕೂತರು. ಸುಮಿತ ಪಪ್ಪನಿಗೂ ಅಜ್ಜಿಗೂ ನಡುವೆ ಕೂತ. ತಾಟು ಮುಂದಿತ್ತು, ಹೋಳಿಗೆಯಿಂದ ಹಬೆ ಏಳುತ್ತಿತ್ತು. ಮತ್ತೆ ಯಾರೂ ತುತ್ತು ಮುರಿಯಲಿಲ್ಲ. ಹಾಕಲು ತುಪ್ಪವಿಲ್ಲ, ಅಜ್ಜಿಯ ಕೈ ಖಾಲಿ. ಇನ್ನು ಊಟ ಹೇಗೆ ಶುರುವಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಸುಮಿತ ಹೋಳಿಗೆಯ ದೊಡ್ಡ ತುಂಡು ಮುರಿದು ಬಾಯಿಗಿಟ್ಟ.

“ಏ, ತಡಿಯೋ!” ಎಂದಳು ಸಮೃದ್ಧಿ.

“ಯಾಕ?” ಎಂದ ಅವನು ತುಂಬಿದ ಬಾಯಲ್ಲೇ.

ಅವನು ಖರೇನೇ ಕೇಳುತ್ತಿದ್ದ. ಪಂಕ್ತಿಯಲ್ಲಿ ಕೂತರೆ ಕಾಯಬೇಕು ಎಂದು ಅವನಿಗೆ ಗೊತ್ತಿರಲಿಲ್ಲ. ಅದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಎಲ್ಲರ ಜೊತೆ ಕೂತು ಕೂತು ತಾನಾಗಿ ಬರುತ್ತದೆ.

ಸಮೃದ್ಧಿ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಸುಮಿತ ಅಗಿಯುವುದನ್ನೇ ನೋಡುತ್ತಿದ್ದಳು.

“ಏನಿಲ್ಲ,” ಎಂದಳು ಸಮೃದ್ಧಿ. “ಉಣ್ಣು.”

ಸುಮಿತ ಇನ್ನೊಂದು ತುಂಡು ಮುರಿದ. ಅವನನ್ನು ನೋಡಿ ಉಳಿದವರೂ ಮುರಿದರು.